ಮ್ಯಾಂಗೋಸ್ಟೀನ್ ಮರದ ಕೆಳಗಿನ ಸುಲ್ತಾನ

ಕರಾವಳಿಯ ಯಾವ ಊರಿಗೆ ಹೋದರೂ ಅಲ್ಲೊಬ್ಬ ವಿಚಿತ್ರ ಮನುಷ್ಯ ಸಿಕ್ಕೇ ಸಿಗುತ್ತಾನೆ. ಊರು ಅವನನ್ನು ಕಂಡು ನಗುತ್ತದೆ, ಕರೆದು ಚಹಾ ಕುಡಿಸುತ್ತದೆ, ಸತ್ತ ಮೇಲೆ ಅವನ ಕಥೆಗಳನ್ನು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತದೆ. ಅಂಥವನೇ ಕುಳಿತು ಊರಿನ ಕಥೆ ಬರೆಯುವುದು ಮಾತ್ರ ಅಪರೂಪ. ಆ ಭಾಗ್ಯ ಬೇಪೂರಿಗೆ ಒದಗಿತು.

ಕಲ್ಲಿಕೋಟೆಯ ದಕ್ಷಿಣಕ್ಕೆ, ಚಾಲಿಯಾರ್ ನದಿ ಸಮುದ್ರ ಸೇರುವಲ್ಲಿ ಬೇಪೂರ್ ಇದೆ. ಅರಬ್ ವ್ಯಾಪಾರಿಗಳಿಗೆ ಶತಮಾನಗಳಿಂದ ‘ಉರು’ ಎಂಬ ಮರದ ದೊಡ್ಡ ಹಡಗುಗಳನ್ನು ಕಟ್ಟಿಕೊಟ್ಟ ಊರದು. ಕೇರಳದವರು ‘ಬೇಪೂರ್ ಸುಲ್ತಾನ್’ ಎಂದು ಅಕ್ಕರೆಯಿಂದ ಕರೆದ ವೈಕಂ ಮುಹಮ್ಮದ್ ಬಷೀರ್ ಹುಟ್ಟಿದ್ದು ಅಲ್ಲಲ್ಲ. 1908ರಲ್ಲಿ ವೈಕಂ ಬಳಿಯ ತಲಯೋಲಪರಂಬಿನ ಮರದ ವ್ಯಾಪಾರಿಯೊಬ್ಬರ ಮನೆಯಲ್ಲಿ ಹುಟ್ಟಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆಂದು ಕಲ್ಲಿಕೋಟೆಗೆ ಬಂದು, ಪೊಲೀಸರ ಹೊಡೆತ ತಿಂದು ಕಣ್ಣೂರು ಜೈಲು ಸೇರಿದರು. ಆಮೇಲೆ ವರ್ಷಗಟ್ಟಲೆ ಅಲೆದಾಟ. ಸನ್ಯಾಸಿಗಳ ಜೊತೆಗಿದ್ದರು, ಸೂಫಿ ಫಕೀರರ ಜೊತೆಗಿದ್ದರು. ಕೈ ನೋಡಿ ಭವಿಷ್ಯ ಹೇಳಿದರು, ಅಡುಗೆ ಮಾಡಿದರು, ಹಡಗಿನಲ್ಲಿ ಖಲಾಸಿಯಾದರು, ಎರ್ನಾಕುಲಂನಲ್ಲಿ ಪುಸ್ತಕದಂಗಡಿ ಇಟ್ಟರು. ಐವತ್ತರ ಆಸುಪಾಸಿನಲ್ಲಿ ಫಾಬಿ ಎಂದೇ ಕೇರಳಕ್ಕೆ ಪರಿಚಿತರಾದ ಫಾತಿಮಾ ಬೀವಿಯವರನ್ನು ಮದುವೆಯಾಗಿ, ಬೇಪೂರಿನಲ್ಲಿ ನೆಲೆ ನಿಂತರು.

ಅಂಗಳದಲ್ಲೊಂದು ಮ್ಯಾಂಗೋಸ್ಟೀನ್ ಮರ. ಅದರ ಕೆಳಗೆ ಆರಾಮಕುರ್ಚಿ, ಪಕ್ಕದಲ್ಲಿ ಗ್ರಾಮೊಫೋನು, ಅದರಲ್ಲಿ ಸೈಗಲ್ ಹಾಡು. ಬರಿಮೈಯ ಬೋಳುತಲೆಯ ಸುಲ್ತಾನರು ಕೈಯಲ್ಲಿ ಬೀಡಿ ಹಿಡಿದು ದರ್ಬಾರು ನಡೆಸುತ್ತಿದ್ದರು. ಬರುವವರಿಗೆ ತಡೆಯಿರಲಿಲ್ಲ. ದೊಡ್ಡ ಸಾಹಿತಿ ಬರಲಿ, ಶಾಲೆಯ ಮಕ್ಕಳು ಬರಲಿ, ಸುಲೈಮಾನಿ ಚಹಾ ಬರುತ್ತಿತ್ತು. ಆ ಚಹಾ ಕಾಯಿಸಿ ಕಾಯಿಸಿ ಬೇಸತ್ತರೂ ಬಾಗಿಲು ಮುಚ್ಚದ ಫಾಬಿಯವರನ್ನು ಬಿಟ್ಟು ಈ ದರ್ಬಾರಿನ ಕಥೆ ಹೇಳಿದರೆ ಅದು ಅರ್ಧ ಕಥೆಯಾದೀತು.

ಮನುಷ್ಯರಿಗಷ್ಟೇ ಅಲ್ಲ, ಹಾವು, ಬಾವಲಿ, ಕಾಗೆ, ಇರುವೆಗಳಿಗೂ ಆ ತೋಟದಲ್ಲಿ ಹಕ್ಕಿತ್ತು. 1977ರಲ್ಲಿ ಪ್ರಕಟವಾದ ‘ಭೂಮಿಯುಡೆ ಅವಕಾಶಿಗಳ್’, ಎಂದರೆ ಭೂಮಿಯ ವಾರಸುದಾರರು, ಎಂಬ ಕಥೆಯಲ್ಲಿ ಗಂಡ ಹೆಂಡಿರ ಜಗಳವೇ ಇದು. ಎಳನೀರು ಕುಡಿದು ಹಾಳು ಮಾಡುವ ಬಾವಲಿಗಳನ್ನು ಓಡಿಸಬೇಕೆಂದು ಹೆಂಡತಿ. ರಿಜಿಸ್ಟರ್ ಆಫೀಸಿನಲ್ಲಿ ಪತ್ರ ಮಾಡಿಸಿದ ಮಾತ್ರಕ್ಕೆ ನೆಲ ನಮ್ಮೊಬ್ಬರದೇ ಆಗುವುದೇ ಎಂಬುದು ಗಂಡನ ವಾದ. ಪರಿಸರ ಎಂಬ ಮಾತು ಇನ್ನೂ ಎಲ್ಲರ ಬಾಯಿಗೆ ಬರದ ಕಾಲದಲ್ಲಿ ಅದನ್ನು ಅವರು ಅಡುಗೆಮನೆಯ ಜಗಳವಾಗಿ ಬರೆದರು.

ಇಷ್ಟಕ್ಕೇ ನಿಂತರೆ ಬಷೀರ್ ಒಬ್ಬ ತಮಾಷೆಯ ಅಜ್ಜನಾಗಿ ಉಳಿಯುತ್ತಾರೆ. ಅವರ ಬುದ್ಧಿ ಎರಡು ಸಲ ಕೈಕೊಟ್ಟಿತ್ತು, ಎರಡು ಸಲವೂ ಚಿಕಿತ್ಸೆಗೆ ಸೇರಿಸಬೇಕಾಯಿತು. ಎರಡನೆಯದು ಬೇಪೂರಿನಲ್ಲಿ, ಹೆಂಡತಿಯ ಕಣ್ಣೆದುರಿಗೇ. ‘ಪಾತುಮ್ಮಳ ಆಡು’ ಕಾದಂಬರಿಯನ್ನು ಬರೆದದ್ದು 1954ರಲ್ಲಿ, ಮೊದಲ ಚಿಕಿತ್ಸೆಯ ಬಳಿಕ ತಾಯಿಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ. 1959ರಲ್ಲಿ ಅದು ಪುಸ್ತಕವಾದಾಗ ಮುನ್ನುಡಿಯಲ್ಲಿ ಆ ಕಾಯಿಲೆಯ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಬರೆದದ್ದನ್ನು ತಿದ್ದದೆ ಹಾಗೆಯೇ ಕೊಟ್ಟರು.

ಈ ಧೈರ್ಯ ಎಷ್ಟು ದೊಡ್ಡದೆಂದು ನಮ್ಮಂಥ ಮನೆಗಳವರಿಗೆ ಗೊತ್ತು. ನಮ್ಮ ಚಾಚಾ ಒಬ್ಬರಿಗೆ ಹೀಗೆಯೇ ಆಗಿತ್ತು. ರಾತ್ರಿಯಿಡೀ ಒಬ್ಬರೇ ಮಾತನಾಡುತ್ತಿದ್ದರು. ಆಸ್ಪತ್ರೆಗೆ ಸೇರಿಸಿದ ದಿನ, ಯಾರಾದರೂ ಕೇಳಿದರೆ ಚಾಚಾ ಮುಂಬೈಗೆ ಹೋಗಿದ್ದಾರೆ ಎನ್ನಬೇಕೆಂದು ಮಕ್ಕಳಾದ ನಮಗೆಲ್ಲ ಹೇಳಿಕೊಟ್ಟರು. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿದ್ದರಲ್ಲ! ಚಾಚಾ ಗುಣವಾಗಿ ಬಂದರು. ಬಂದವರು ಹಿಂದಿನ ಕೋಣೆಯಲ್ಲೇ ಉಳಿದರು. ಅವರಿಗೆ ಹಾಡು ಗೊತ್ತಿತ್ತು, ಕಥೆ ಹೇಳುವುದೂ ಗೊತ್ತಿತ್ತು. ಅಂಗಳದಲ್ಲಿ ಒಂದು ಕುರ್ಚಿ ಹಾಕಿಕೊಟ್ಟಿದ್ದರೆ ಸಾಕಿತ್ತು. ನಮ್ಮ ಬೀದಿಯಲ್ಲಿ ಯಾರೂ ಹಾಕಲಿಲ್ಲ.

ಬರೆಯುವವರಾದ ನಮಗೆ ಬಷೀರ್ ಇನ್ನೊಂದು ಬಾಗಿಲನ್ನೂ ತೆರೆದುಕೊಟ್ಟರು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು ಮತ್ತು ಕನ್ನಡ, ಹೀಗೆ ಬೆಳೆದವರು ನಾವು. ಅಮ್ಮಿಯ ಮಾತನ್ನು ಕಾಗದಕ್ಕೆ ಇಳಿಸುವಾಗ ಕೈ ಹಿಂಜರಿಯುತ್ತದೆ. ಬಷೀರರಿಗೂ ಮನೆಯಲ್ಲೇ ಒಬ್ಬ ವ್ಯಾಕರಣ ಪಂಡಿತನಿದ್ದ. ಶಾಲಾ ಮಾಸ್ತರನಾದ ತಮ್ಮ ಅಬ್ದುಲ್ ಖಾದರ್ ಅಣ್ಣನ ವಾಕ್ಯಗಳಲ್ಲಿ ತಪ್ಪು ಹುಡುಕುವ ಪ್ರಸಂಗ ‘ಪಾತುಮ್ಮಳ ಆಡು’ವಿನಲ್ಲೇ ಬರುತ್ತದೆ. ಅಣ್ಣ ಮಾತ್ರ ಮನೆಯ ಮಾತನ್ನು ಬಿಡಲಿಲ್ಲ. ಆ ಮಾತು ಇಂದು ಮಲಯಾಳ ಸಾಹಿತ್ಯದ ಸೊತ್ತು.

ತನ್ನವರನ್ನು ನೋಡಿ ನಗುವ ಎದೆಗಾರಿಕೆಯೂ ಅವರಿಗಿತ್ತು. 1951ರ ‘ನನ್ನಜ್ಜನಿಗೊಂದು ಆನೆಯಿತ್ತು’ ಕಾದಂಬರಿಯ ತಾಯಿಗೆ ತನ್ನ ತಂದೆಯ ಆನೆಯದೇ ಜಂಬ. ಮನೆತನ ಮುಳುಗುತ್ತಿದ್ದರೂ ಆನೆಯ ಮಾತು ನಿಲ್ಲದು. ಕೊನೆಗೆ ಬೀದಿಯ ಹುಡುಗರು ಆ ಆನೆ ಕುಳಿಯಾನೆ ಎಂದುಬಿಡುತ್ತಾರೆ. ಕುಳಿಯಾನೆ ಎಂದರೆ ಮರಳಿನಲ್ಲಿ ಗುಂಡಿ ತೋಡಿ ಇರುವೆಗಾಗಿ ಕಾಯುವ ಪುಟ್ಟ ಹುಳ. ಓದಿ ನಗುವಾಗ ನಮ್ಮ ಮನೆಗಳ ಹಳೆಯ ನವಾಬಿಯೂ ನೆನಪಾಗುತ್ತದೆ. ಆದರೆ ಆ ನಗೆಯಲ್ಲಿ ವಿಷವಿಲ್ಲ. ಆ ತಾಯಿಯನ್ನು ಅವರು ಮನೆಯಿಂದ ಹೊರಗೆ ಹಾಕುವುದಿಲ್ಲ. ಒಳಗೇ ಕುಳಿತು ನಗುವವನಿಗೂ ಹೊರಗೆ ನಿಂತು ಹಂಗಿಸುವವನಿಗೂ ಇರುವ ವ್ಯತ್ಯಾಸ ಓದುಗರಿಗೆ ಬೇಗ ತಿಳಿಯುತ್ತದೆ.

1982ರಲ್ಲಿ ಪದ್ಮಶ್ರೀ ಬಂತು. ಅವರ ಜೈಲಿನ ದಿನಗಳಿಂದ ಹುಟ್ಟಿದ ‘ಮದಿಲುಕಳ್’ ಕಥೆಯನ್ನು ಅಡೂರ್ ಗೋಪಾಲಕೃಷ್ಣನ್ ಸಿನಿಮಾ ಮಾಡಿದಾಗ ಮಮ್ಮೂಟ್ಟಿ ಬಷೀರರಾದರು. 1994ರ ಜುಲೈ 5ರಂದು ಸುಲ್ತಾನರು ತೀರಿಕೊಂಡರು. ಫಾಬಿ 2015ರ ಜುಲೈನಲ್ಲಿ ಹೋದರು.

ಪ್ರತಿ ವರ್ಷ ಜುಲೈ 5ರಂದು ಕೇರಳದ ಶಾಲೆಗಳಲ್ಲಿ ಮಕ್ಕಳು ಬಷೀರರ ಕಥೆಯ ಪಾತ್ರಗಳಾಗುತ್ತಾರೆ. ತಲೆಗೆ ತಟ್ಟ ಹಾಕಿದ ಪಾತುಮ್ಮಳ ಪಕ್ಕದಲ್ಲಿ ಕೆಲವೊಮ್ಮೆ ನಿಜವಾದ ಆಡೇ ಇರುತ್ತದೆ. ಆ ಮಕ್ಕಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಎರಡು ಸಲ ಬುದ್ಧಿ ಕಳೆದುಕೊಂಡು ಮರಳಿ ಪಡೆದವನೊಬ್ಬನ ವೇಷ ಹಾಕಿಕೊಳ್ಳಲು, ಬೋಳುತಲೆಯ ಅಜ್ಜನಾಗಿ ಕುರ್ಚಿಯಲ್ಲಿ ಕೂರಲು, ಅವರಲ್ಲಿ ಜಗಳವೇ ಆಗುತ್ತದಂತೆ. ನಮ್ಮ ಚಾಚಾ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!