ಗುಜರಿಯ ಗಂಟು

ಗುಜರಿಯವನಿಗೆ ಟ್ರಾನ್ಸ್‌ಫಾರ್ಮರೆಂದರೆ ಒಂದಿಷ್ಟು ಕಬ್ಬಿಣ, ಒಂದಿಷ್ಟು ತಾಮ್ರ. ತಕ್ಕಡಿಗೆ ಹಾಕಿ ಬೆಲೆ ಹೇಳುತ್ತಾನೆ. ಒಳಗಿನ ಸುರುಳಿಗಳಿಗೆ ತಮ್ಮತಮ್ಮಲ್ಲಿ ಏನು ಸಂಬಂಧ ಎನ್ನುವುದು ತಕ್ಕಡಿಗೆ ತಿಳಿಯುವ ಸಂಗತಿಯಲ್ಲ.

ಭೀಮಾ ನದಿಯ ಬ್ಯಾರೇಜಿನಿಂದ ಹೆಸರಾದ ನಮ್ಮ ಸೊನ್ನದಲ್ಲಿ ಪಕ್ಕದ ಮನೆಯ ಹುಡುಗ ಇಂಥದೊಂದು ಗಂಟನ್ನು ನನ್ನ ಮುಂದಿಟ್ಟ. ಹೆಸರಿಲ್ಲ, ಚೀಟಿಯಿಲ್ಲ, ಏಳು ತಂತಿಗಳ ಬಾಲ ಮಾತ್ರ ಇತ್ತು.

"ಇದರಾಗ 12 ವೋಲ್ಟ್ ಸಿಗ್ತದೇನ್ ನೋಡ್ರಿ ಕಾಕಾ. ತೊಗರಿಗಿ ಔಷಧ ಹೊಡ್ಯೋ ಪಂಪಿನ ಬ್ಯಾಟರಿ ಚಾರ್ಜ್ ಮಾಡ್ಬೇಕು."

ಮೈಕ್ರೋವೇವ್ ಒಲೆಯಿಂದ ಕಿತ್ತದ್ದಾಗಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಅದು ಎರಡು ಸಾವಿರ ವೋಲ್ಟಿನ ಆಸಾಮಿ, ಎರಡನೆಯ ಮಾತಿಗೆ ಅವಕಾಶ ಕೊಡುವುದಿಲ್ಲ. ಇದು ಹಾಗಿರಲಿಲ್ಲ. ಕಬ್ಬಿಣದ ನಡುಗಾಲಿನ ಅಗಲ 3.5 ಸೆಂ.ಮೀ., ಪಟ್ಟಿಗಳ ಪೇರಿಕೆ 4 ಸೆಂ.ಮೀ. ಗುಣಿಸಿದರೆ 14, ಅದರ ವರ್ಗ 196. ಅಂದರೆ ಒರಟು ಲೆಕ್ಕದಲ್ಲಿ ಇನ್ನೂರು ವ್ಯಾಟಿನ ಕಬ್ಬಿಣ.

ಕರೆಂಟಿಗೆ ಜೋಡಿಸದೆ ಮೊದಲು ಮೀಟರನ್ನು ಓಮಿಗಿಟ್ಟು ತಂತಿಗಳನ್ನು ಎರಡೆರಡಾಗಿ ಮುಟ್ಟಿಸಿದೆ. ದಪ್ಪನೆಯ ಐದೂ ಒಂದಕ್ಕೊಂದು ಸೇರಿದ್ದವು. ಉಳಿದೆರಡು ಕೂದಲಿನಂಥವು, ಅವು ಬೇರೆಯೇ ಸಂಸಾರ. ಅಲ್ಲಿಗೆ ಜಾತಕ ಗೊತ್ತಾಯಿತು: ಇದು ಸ್ಟೆಬಿಲೈಸರಿನ ಆಟೋ ಟ್ರಾನ್ಸ್‌ಫಾರ್ಮರು. ಒಂದೇ ಸುರುಳಿ, ನಡುನಡುವೆ ಕವಲು.

ಬಳಿಕ ಹುಡುಗನನ್ನು ದೂರ ನಿಲ್ಲಿಸಿ, 60 ವ್ಯಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ ಹಾಕಿ, ಅತಿ ಹೆಚ್ಚು ಓಮು ತೋರಿಸಿದ ಎರಡು ತುದಿಗಳಿಗೆ ಕರೆಂಟು ಕೊಟ್ಟೆ. ಒಳಗೆ ಶಾರ್ಟಿದ್ದರೆ ಬಲ್ಬು ಝಗ್ಗನೆ ಉರಿಯಬೇಕು. ಉರಿಯಲಿಲ್ಲ. ಕೂದಲು ತಂತಿಗಳ ನಡುವೆ ಮೀಟರು 13 ವೋಲ್ಟು ತೋರಿಸಿತು.

"ಸಿಕ್ತಲ್ರೀ ಕಾಕಾ!"

"ಸಿಕ್ಕದ ತಮ್ಮಾ, ಆದ್ರ ಅದು ಹೊರಂಗಿಲ್ಲ."

ಆ ಸುರುಳಿ ಇದ್ದದ್ದು ರಿಲೇ ಕುಣಿಸಲು. 0.2 ಮಿ.ಮೀ. ತಂತಿ ಹೊರುವುದು ಸುಮಾರು 0.1 ಆಂಪಿಯರು, ಬ್ಯಾಟರಿ ಕೇಳುವುದು ಒಂದಕ್ಕಿಂತ ಹೆಚ್ಚು. ಕಾದು ಬಣ್ಣ ಕರಗಿತೆಂದರೆ ಪಕ್ಕದ 230 ವೋಲ್ಟಿನ ಸುರುಳಿಗೆ ತಾಗೀತು. ಹಾಗಾದರೆ ದಪ್ಪ ತಂತಿಗಳ ಕವಲಿನಿಂದ ತೆಗೆಯೋಣವೆಂದ. ಅದು ಇನ್ನೂ ಕೆಟ್ಟದ್ದು. ಎರಡು ಕವಲುಗಳ ನಡುವೆ ಮೀಟರು ಸಣ್ಣ ಅಂಕಿಯನ್ನೇ ತೋರಿಸುತ್ತದೆ. ಆದರೆ ಎರಡು ಪಿನ್ನಿನ ಪ್ಲಗ್ಗು ತಿರುವುಮುರುವಾದರೆ ಅದೇ ಕವಲಿಗೂ ನೆಲಕ್ಕೂ ನಡುವೆ ಇನ್ನೂರು ವೋಲ್ಟಿನಷ್ಟು ನಿಂತಿರಬಹುದು. ಒದ್ದೆ ಕೈ, ಬರಿಗಾಲು, ಹಸಿ ನೆಲ. ಬ್ಯಾಟರಿಯ ತುದಿ ಮುಟ್ಟುವವನಿಗೆ ಇದು ಗೊತ್ತಾಗುವುದು ಬಹಳ ತಡವಾಗಿ.

1831ರ ಆಗಸ್ಟಿನಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿದಾಗ ತಂತಿ ತಂತಿಗೆ ತಾಗದಂತೆ ಹುರಿಯನ್ನೂ ಬಟ್ಟೆಯನ್ನೂ ಇಟ್ಟಿದ್ದ. ನನಗೆ ಆ ಬಟ್ಟೆಯ ಮೇಲೆಯೇ ಹೆಚ್ಚು ಗೌರವ. ವೋಲ್ಟು ಇಳಿಸುವುದನ್ನು ಕವಲೂ ಮಾಡುತ್ತದೆ. ಊರಿನ ಲೈನನ್ನು ಮನುಷ್ಯನಿಂದ ದೂರವಿಡುವುದು ಬಟ್ಟೆ.

ಕೊನೆಗೆ ಗಂಟು ಮೋಟರು ಸುತ್ತುವ ಅಂಗಡಿಗೆ ಹೋಯಿತು. ಕಬ್ಬಿಣ ಹಳೆಯದೇ, ತಾಮ್ರ ಹೊಸದು: ಎರಡು ಪ್ರತ್ಯೇಕ ಸುರುಳಿ, ನಡುವೆ ಇನ್ಸುಲೇಷನ್ ಕಾಗದ. 500 ವೋಲ್ಟಿನ ಮೆಗ್ಗರು ಹಿಡಿದಾಗ ಸುರುಳಿಯಿಂದ ಸುರುಳಿಗೂ, ಸುರುಳಿಯಿಂದ ಕಬ್ಬಿಣಕ್ಕೂ ಮುಳ್ಳು ಅನಂತದ ಕಡೆಗೇ ಹೋಯಿತು. ಫ್ಯೂಜು ಹಾಕಿ, ಕಬ್ಬಿಣವನ್ನು ಅರ್ಥಿಗೆ ಕಟ್ಟಿ, 14.4 ವೋಲ್ಟಿಗೆ ನಿಲ್ಲುವ ಚಾರ್ಜರಿನ ಹಲಗೆ ಸೇರಿಸಿ ಒಂದು ತಾಸು ಓಡಿಸಿದೆವು. ಪ್ಲಗ್ಗು ಕಿತ್ತು ಮುಟ್ಟಿದರೆ ಉಗುರುಬೆಚ್ಚಗಿತ್ತು.

ಗುಜರಿಗೆ ಕೊಟ್ಟದ್ದಕ್ಕಿಂತ ಸುತ್ತಿಸಿದ ಕೂಲಿಯೇ ಹೆಚ್ಚಾಯಿತೆಂದು ಗೊಣಗುತ್ತ ಹುಡುಗ ಪಂಪನ್ನು ಬೆನ್ನಿಗೇರಿಸಿ ತೊಗರಿ ಹೊಲಕ್ಕೆ ನಡೆದ.