ಜೋಡಿ ಸೈಕಲ್ಲಿನ ಅಗಲ

ಊರು ಬಿಟ್ಟು ಬೆಂಗಳೂರು ಸೇರಿದ ನಾವು ನಾಲ್ಕು ಜನ ಕೂತಲ್ಲಿ ಈಗೀಗ ಒಂದು ಚರ್ಚೆ ಏಳುತ್ತದೆ. ದಿನಾ ಕೆಲಸಕ್ಕೆ ಹೋಗಿಬರುವವರ ಸೈಕಲ್ಲಿಗೆಂದು ನಗರದ ರಸ್ತೆಯಲ್ಲಿ ಬೇರೆ ಪಥ ಬೇಕೋ ಬೇಡವೋ? ಬೇಕೆನ್ನುವವರು ಹೊಗೆಯ ಮಾತು, ಹೃದಯದ ಮಾತು, ಪೆಟ್ರೋಲಿನ ಬೆಲೆಯ ಮಾತು ಎತ್ತುತ್ತಾರೆ. ಬೇಡವೆನ್ನುವವರಿಗೆ ಒಂದೇ ಮಾತು ಸಾಕು: ‘ಇರೋ ರಸ್ತೇಲಿ ಕಾರಿಗೇ ಜಾಗ ಇಲ್ಲ.’ ನಾನು ಇಬ್ಬರಿಗೂ ತಲೆಯಾಡಿಸಿ ಕಾಫಿ ಕುಡಿಯುತ್ತೇನೆ. ಹೊಸಹೊಳಲಿನಲ್ಲಿ ಬೆಳೆದವನಿಗೆ ಈ ಪ್ರಶ್ನೆಯೇ ಸ್ವಲ್ಪ ತಲೆಕೆಳಗಾಗಿ ಕಾಣುತ್ತದೆ. ನಮ್ಮೂರಿಂದ ಕೆ.ಆರ್. ಪೇಟೆಗೆ, ಅಂದರೆ ನಮ್ಮ ಬಾಯಲ್ಲಿ ಬರೀ ‘ಪೇಟೆ’ಗೆ, ಹೋಗುವ ರಸ್ತೆ ಸೈಕಲ್ಲಿನದೇ ಆಗಿತ್ತು. ಅಲ್ಲಿ ದಾರಿ ಬಿಡಿರೆಂದು ಬೇಡಿಕೊಳ್ಳಬೇಕಾಗಿದ್ದುದು ಬಸ್ಸು.

ಆ ರಸ್ತೆಯಲ್ಲಿ ಒಬ್ಬೊಬ್ಬರ ಸೈಕಲ್ಲಿಗೂ ಒಂದೊಂದು ನಡೆ. ಕ್ಯಾರಿಯರಿನ ಎರಡೂ ಕಡೆ ಹಾಲಿನ ಕ್ಯಾನು ತೂಗಿಸಿಕೊಂಡವರು ಎಡಬಲ ನೋಡದೆ ನೆಟ್ಟಗೆ ಹೋಗುತ್ತಿದ್ದರು. ತಿರುಗಿ ನೋಡಿದರೆ ಹಾಲು ತುಳುಕುತ್ತದೆ ಎಂಬ ಭಯ. ಹಸಿಹುಲ್ಲಿನ ಹೊರೆ ಹೇರಿಕೊಂಡ ರೈತರದು ಇನ್ನೊಂದು ಬಗೆ. ಹಿಂದಿನಿಂದ ನೋಡಿದರೆ ಮನುಷ್ಯನೂ ಇಲ್ಲ, ಸೈಕಲ್ಲೂ ಇಲ್ಲ, ಹುಲ್ಲೇ ಎದ್ದು ಮನೆ ಕಡೆಗೆ ಹೊರಟಂತೆ. ಬಾಡಿಗೆ ಸೈಕಲ್ ತಂದ ಹುಡುಗರು ಸೀಟಿಗೆ ಕಾಲು ಎಟುಕದೆ ಬಾರಿನ ಒಳಗಿಂದ ಕಾಲು ತೂರಿಸಿ ಒಳಪೆಡಲು ತುಳಿಯುತ್ತ, ಗಂಟೆ ಮುಗಿಯುವುದರೊಳಗೆ ಲೋಕವನ್ನೆಲ್ಲ ಸುತ್ತಿಬರಬೇಕೆಂಬ ಅವಸರದಲ್ಲಿ ಅಡ್ಡಾದಿಡ್ಡಿ ಹಾರುತ್ತಿದ್ದರು. ಸೈಕಲ್ ಶಾಪಿನ ಸಾಬರು ಮಾತ್ರ ಗಡಿಯಾರಕ್ಕಿಂತ ಹೆಚ್ಚಾಗಿ ಹುಡುಗರ ಮೊಣಕಾಲನ್ನು ನೋಡಿ ಲೆಕ್ಕ ಹಾಕುತ್ತಿದ್ದರು. ತರಚಿದ ಗಾಯ ಹೊಸದಿದ್ದರೆ ಮೊದಲು ಹ್ಯಾಂಡಲ್ ನೆಟ್ಟಗಿದೆಯೇ ಎಂದು ಪರೀಕ್ಷೆ, ಆಮೇಲೆ ಬಾಡಿಗೆಯ ಮಾತು.

ಇವರೆಲ್ಲರ ನಡುವೆ ರಸ್ತೆಯ ನಟ್ಟನಡುವನ್ನು ಆಳುತ್ತಿದ್ದವರು ಇಬ್ಬರು. ಒಬ್ಬರು ನನ್ನ ಸೋದರಮಾವ, ಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತರು. ಇನ್ನೊಬ್ಬರು ಮೇಷ್ಟ್ರು. ಮಾವನದು ಕಪ್ಪು ಅಟ್ಲಾಸ್, ಮೇಷ್ಟ್ರದು ಹರ್ಕ್ಯುಲಿಸ್. ಬೆಳಿಗ್ಗೆ ಜೊತೆಯಾಗಿ ಹೊರಟರೆ ಎರಡು ಹ್ಯಾಂಡಲ್ಲುಗಳ ನಡುವೆ ಒಂದು ಮೊಳದ ಅಂತರ; ಪೇಟೆ ಮುಟ್ಟುವವರೆಗೂ ಆ ಅಂತರ ಹೆಚ್ಚುತ್ತಲೂ ಇರಲಿಲ್ಲ, ಕಡಿಮೆಯಾಗುತ್ತಲೂ ಇರಲಿಲ್ಲ. ಮಾತೂ ಹಾಗೆಯೇ, ನಿಲ್ಲುತ್ತಿರಲಿಲ್ಲ. ನಮ್ಮ ಅತ್ತೆಯ ತವರು ಕಿಕ್ಕೇರಿ. ಹಾಗಾಗಿ ಅಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರನ್ನು ಮಾವ ತನ್ನ ಹೆಣ್ಣು ಕೊಟ್ಟವರ ಕಡೆಯ ಕವಿ ಎಂದೇ ಪರಿಗಣಿಸಿದ್ದ. ಮೇಷ್ಟ್ರ ಊರು ಅಕ್ಕಿಹೆಬ್ಬಾಳು. ಅವರ ಬೆನ್ನಿಗೆ ಅದೇ ಊರಿನ ಪ್ರಬಂಧಕಾರ ಎ.ಎನ್. ಮೂರ್ತಿರಾಯರು. ಇಬ್ಬರೂ ನಮ್ಮ ತಾಲ್ಲೂಕಿನವರೇ. ಒಬ್ಬರು 1942ರಲ್ಲಿ ‘ಮೈಸೂರ ಮಲ್ಲಿಗೆ’ ಕೊಟ್ಟವರು, ಇನ್ನೊಬ್ಬರು ಅದಕ್ಕೂ ಮೊದಲೇ ‘ಹಗಲುಗನಸುಗಳು’ ಬರೆದವರು. ಹೊಸಹೊಳಲಿನ ಪಾಲಿಗೆ ಅಂಥ ಹೆಸರೊಂದು ಬಾರದ ಕೊರಗನ್ನು ಮಾವ, ಮೇಷ್ಟ್ರು ಇಬ್ಬರೂ ಬೇರೆ ಊರುಗಳ ವಕಾಲತ್ತು ವಹಿಸಿ ತೀರಿಸಿಕೊಳ್ಳುತ್ತಿದ್ದರು.

‘ಪದ್ಯ ಅಂದ್ರೆ ಪದ್ಯ ಕಣಯ್ಯ. ಹಾಡಬೋದು,’ ಎನ್ನುತ್ತಿದ್ದ ಮಾವ.

‘ಹಾಡಿ ಸುಸ್ತಾದ ಮೇಲೆ ಏನಾದ್ರೂ ಓದಬೇಕಲ್ಲ. ಆಗ ನಮ್ಮೋರು ಬರ್ತಾರೆ,’ ಎನ್ನುತ್ತಿದ್ದರು ಮೇಷ್ಟ್ರು.

ಹಿಂದೆ ಬಸ್ಸಿನ ಡ್ರೈವರು ಹಾರನ್ ಒತ್ತುತ್ತಿದ್ದ. ಮಾವ ತಿರುಗದೆಯೇ ಕೈ ಎತ್ತಿ ‘ತಾಳಪ್ಪಾ’ ಎಂಬಂತೆ ಆಡಿಸುತ್ತಿದ್ದ. ವಾದ ಒಂದು ಹಂತಕ್ಕೆ ಬಂದ ಮೇಲೆ ಮೇಷ್ಟ್ರು ಹಿಂದೆ ಸರಿಯುತ್ತಿದ್ದರು, ಬಸ್ಸು ಮುಂದೆ ಹೋಗುತ್ತಿತ್ತು. ಕಿಟಕಿಯಲ್ಲಿದ್ದ ಪ್ರಯಾಣಿಕರು ಬೈಯುವುದಿರಲಿ, ಇವತ್ತು ಯಾರು ಗೆದ್ದರು ಎಂದು ಕೇಳಿಕೊಂಡು ಹೋದದ್ದೂ ಉಂಟು.

ಕಾನೂನು ಇರಲಿಲ್ಲವೆಂದಲ್ಲ. ಸೈಕಲ್ಲಿಗೂ ತೆರಿಗೆಯಿದ್ದ ಕಾಲ ಅದು. ವರ್ಷಕ್ಕೊಂದು ತಗಡಿನ ಬಿಲ್ಲೆ ಹಾಕಿಸಬೇಕು, ರಾತ್ರಿ ದೀಪವಿರಬೇಕು, ಡಬಲ್ ರೈಡಿಂಗ್ ಕೂಡದು. ಮಾವನ ಡೈನಮೋ ಟೈರಿಗೆ ಉಜ್ಜಿದರೆ ಬೆಳಕಿಗಿಂತ ಸದ್ದೇ ಜಾಸ್ತಿ. ತುಳಿದರೆ ಉರಿಯುತ್ತದೆ, ನಿಂತರೆ ಆರುತ್ತದೆ. ಕತ್ತಲಲ್ಲಿ ತಡೆದು ನಿಲ್ಲಿಸಿದ ಪೊಲೀಸಿನವರು ‘ದೀಪ ಎಲ್ಲಿ?’ ಎಂದು ಕೇಳುವ ಹೊತ್ತಿಗೆ ಅವರು ನಿಲ್ಲಿಸಿದ್ದರಿಂದಲೇ ಅದು ಆರಿಹೋಗಿರುತ್ತಿತ್ತು. ‘ಬಿಡಿ, ತೋರಿಸ್ತೀನಿ’ ಎಂದು ಮಾವ ತುಳಿದುಕೊಂಡು ಹೊರಟರೆ ಮತ್ತೆ ನಿಲ್ಲುತ್ತಿದ್ದುದು ಮನೆ ಬಾಗಿಲಲ್ಲೇ.

ನಮ್ಮೂರಿಗೆ ಬರುವ ಹೊರಗಿನವರು ಸೈಕಲ್ ನೋಡಲು ಬರುವುದಿಲ್ಲ, ಲಕ್ಷ್ಮೀನಾರಾಯಣನನ್ನು ನೋಡಲು ಬರುತ್ತಾರೆ. 13ನೆಯ ಶತಮಾನದ ಹೊಯ್ಸಳ ದೇವಾಲಯ, ತ್ರಿಕೂಟ. ತಲೆಯೆತ್ತಿ ಗೋಡೆಯ ದೇವರುಗಳನ್ನು ನೋಡುವ ಅವಸರದಲ್ಲಿ ಅವರು ಕೆಳಗಿನ ಪಟ್ಟಿಕೆಗಳನ್ನು ಬೇಗ ಮುಗಿಸುತ್ತಾರೆ. ಚಿಕ್ಕಂದಿನಲ್ಲಿ ನಮ್ಮ ಎತ್ತರಕ್ಕೆ ಸಿಗುತ್ತಿದ್ದುದೇ ಅವು. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು. ಆಮೇಲೆ ಬಳ್ಳಿ, ಅದರ ಮೇಲೆ ರಾಮಾಯಣ ಭಾರತದ ಕಥೆ, ಮತ್ತೂ ಮೇಲೆ ಮಕರಗಳು, ಕೊನೆಗೆ ಹಂಸಗಳು. ಎಲ್ಲವೂ ಹೊರಟಿವೆ. ಆನೆ ಆನೆಯ ಪಾಡಿಗೆ, ಹಂಸ ಹಂಸದ ಪಾಡಿಗೆ. ಏಳೂವರೆ ಶತಮಾನಗಳಿಂದ ಒಂದೇ ಒಂದು ಆನೆ ಹಂಸದ ಪಟ್ಟಿಗೆ ನುಗ್ಗಿಲ್ಲ. ಕುದುರೆಗೆ ಎಷ್ಟೇ ಅವಸರವಿದ್ದರೂ ಬಳ್ಳಿಯನ್ನು ತುಳಿದಿಲ್ಲ. ದೊಡ್ಡವನಾದ ಮೇಲೆ ಗಮನಿಸಿದ್ದು ಇನ್ನೊಂದು: ಶಿಲ್ಪಿ ಪಟ್ಟಿಗೂ ಪಟ್ಟಿಗೂ ನಡುವೆ ಬರೀ ಗೆರೆ ಎಳೆದು ಕೈ ತೊಳೆದುಕೊಂಡಿಲ್ಲ. ಆಳವಾಗಿ ಕೊರೆದಿದ್ದಾನೆ. ಕಲ್ಲಿನ ಆನೆಯನ್ನೂ ಬರೀ ನಂಬಿಕೆಯ ಮೇಲೆ ಬಿಟ್ಟವನಲ್ಲ ಅವನು.

ನಮ್ಮ ರಸ್ತೆ ನಂಬಿಕೆಯ ಮೇಲೆ ನಡೆದಿತ್ತು. ಹಾಗಾಗಿ ಅದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಮೊದಲು ಲೂನಾ ಬಂತು. ಪೆಡಲಿದ್ದದ್ದರಿಂದ ಅದನ್ನೂ ನೆಂಟರೆಂದೇ ತಿಳಿದೆವು. ಟಿವಿಎಸ್ ಬಂತು, ಹಾಲಿನ ಕ್ಯಾನುಗಳು ಅದರ ಮೇಲೆ ಏರಿದವು. ಆಮೇಲೆ ಬಂದ ಬೈಕುಗಳಿಗೆ ನೆಂಟಸ್ತನದ ಹಂಗಿರಲಿಲ್ಲ. ರಸ್ತೆ ಅಗಲವಾಯಿತು, ಡಾಂಬರು ನುಣುಪಾಯಿತು, ಸೈಕಲ್ಲು ನಡುವಿನಿಂದ ಪಕ್ಕಕ್ಕೆ, ಪಕ್ಕದಿಂದ ಡಾಂಬರಿನ ಅಂಚಿಗೆ, ಅಂಚಿನಿಂದ ಮಣ್ಣಿಗೆ ಇಳಿಯಿತು. ಮಾವ ಮತ್ತು ಮೇಷ್ಟ್ರು ಜೋಡಿಯಾಗಿ ಹೋಗುವುದು ಬಿಟ್ಟು ಒಬ್ಬರ ಹಿಂದೊಬ್ಬರು ಹೋಗತೊಡಗಿದರು. ಹಿಂದಿನವರ ಮಾತು ಮುಂದಿನವರಿಗೆ ಕೇಳದು. ನರಸಿಂಹಸ್ವಾಮಿ, ಮೂರ್ತಿರಾಯರ ಮೊಕದ್ದಮೆ ತೀರ್ಪಿಲ್ಲದೆ ನಿಂತುಹೋಯಿತು.

ನಡುವೆ ಒಮ್ಮೆ ರಸ್ತೆಗೆ ಮತ್ತೆ ಜೀವ ಬಂದಿತ್ತು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆಗ. ಎಲ್ಲವೂ ಒಂದೇ ಥರದವು. ತನ್ನದು ಯಾವುದೆಂದು ಗುರುತಿಗೆ ಹುಡುಗಿಯರು ಹ್ಯಾಂಡಲ್ಲಿಗೆ ರಿಬ್ಬನ್ನು, ಮುರಿದ ಬಳೆ, ಕಾಶಿದಾರ ಕಟ್ಟುತ್ತಿದ್ದರು. ಸಂಜೆ ಶಾಲೆ ಬಿಟ್ಟಾಗ ರಸ್ತೆಯ ಅಗಲಕ್ಕೂ ಹರಡಿಕೊಂಡು, ನಗುತ್ತ, ಯಾವ ಹಾರನ್ನಿಗೂ ಕಿವಿಗೊಡದೆ ಬರುತ್ತಿದ್ದ ಆ ಮಕ್ಕಳನ್ನು ನೋಡಿ ನಿವೃತ್ತನಾಗಿ ಜಗಲಿ ಹಿಡಿದಿದ್ದ ಮಾವ ‘ಹಂಗೇ ಬರ್ಲಿ ಬಿಡು’ ಎಂದು ಸಂತೋಷಪಡುತ್ತಿದ್ದ. ಕೊರೊನಾ ಕಾಲದಲ್ಲಿ ಆ ಯೋಜನೆಯೂ ನಿಂತಿತು.

ಕಣ್ಣಿನ ಪೊರೆ ತೆಗೆಸಲು ಮಾವ ಬೆಂಗಳೂರಿಗೆ ಬಂದಿದ್ದಾಗ ಜಯನಗರದಲ್ಲಿ ನಡೆದಾಡಿಸಲು ಕರೆದೊಯ್ದಿದ್ದೆ. 2012ರಲ್ಲಿ ಅಲ್ಲಿ ಸೈಕಲ್ ಪಥ ಮಾಡಿದ್ದರು. ಹೊಸ ಕಣ್ಣಿಗೆ ಎಲ್ಲವೂ ಸ್ಪಷ್ಟ. ನಿಂತ ಕಾರುಗಳ ಸಂದಿಯಲ್ಲಿ ನೆಲದ ಮೇಲೆ ಬರೆದ ಸೈಕಲ್ ಚಿತ್ರ ಕಂಡು ಮಾವ ನಿಂತ.

‘ಇದ್ಯಾಕಯ್ಯ ಇಲ್ಲಿ?’

‘ಇದು ಸೈಕಲ್ಲಿನ ದಾರಿ ಮಾವ.’

ಮಾವ ಕಾರುಗಳನ್ನೊಮ್ಮೆ ನೋಡಿದ, ಚಿತ್ರವನ್ನೊಮ್ಮೆ ನೋಡಿದ. ‘ಓಹೋ, ಸೈಕಲ್ ಇಲ್ಲಿ ಹೋರಾಡಿ ಸತ್ತಿತ್ತು ಅಂತ ವೀರಗಲ್ಲು!’

ಆಮೇಲೆ ಬಂದ ಪಥಗಳೂ ಹೆಚ್ಚು ಬೇರೆಯಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ, ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡತೊಡಗಿದರು. ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿಯೂ ಬಂತು. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಬಾಗಿಲು ಹಾಕಿತು. ಪತ್ರಿಕೆ ಓದಿದ ಮಾವ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಒಳ್ಳೇ ದಿನ ನೋಡವ್ರೆ.’ ಇನ್ನು ನಮ್ಮ ಮಂಡ್ಯ ಜಿಲ್ಲೆಯನ್ನೇ ಸೀಳಿಕೊಂಡು ಹೋಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಸೈಕಲ್ಲನ್ನು ಮಣ್ಣಿಗಿಳಿಸಿದ ಬೈಕೂ ಈಗ ಅದರ ಜೊತೆಯಲ್ಲೇ ಸರ್ವಿಸ್ ರಸ್ತೆಯಲ್ಲಿದೆ ಎಂದು ಸಮಾಧಾನ ಪಡಬಹುದು, ಅಂಥ ಸಮಾಧಾನ ಬೇಕಿದ್ದರೆ. ಮೈಸೂರು ಮಾತ್ರ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿಟ್ಟು ಬಾಡಿಗೆ ಸೈಕಲ್ಲನ್ನು ಮತ್ತೆ ಬೀದಿಗೆ ತಂದಿತು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಮೊಣಕಾಲು ನೋಡುವ ಸಾಬರಿಲ್ಲ, ಅಷ್ಟೇ ಕೊರತೆ.

ಸೈಕಲ್ಲಿನ ಸ್ವರ್ಗವೆಂದು ಎಲ್ಲರೂ ತೋರಿಸುವ ನೆದರ್ಲೆಂಡ್ಸಿಗೂ ಅದು ಪಿತ್ರಾರ್ಜಿತವಾಗಿ ಬಂದದ್ದಲ್ಲ. ಯುದ್ಧದ ನಂತರ ಅಲ್ಲಿಯೂ ಕಾರು ಸೈಕಲ್ಲನ್ನು ಅಂಚಿಗೆ ತಳ್ಳಿತ್ತು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು, 1973ರಲ್ಲಿ ತೈಲದ ಬಿಕ್ಕಟ್ಟೂ ಕೂಡಿಬಂತು. ಆಮೇಲೆ ಪಥಗಳು ಬಂದವು. ನಮ್ಮಲ್ಲಿಯೂ ರಸ್ತೆ ಹಂಚುವಾಗ ವಾಹನವನ್ನಲ್ಲ, ಮನುಷ್ಯರನ್ನು ಲೆಕ್ಕಕ್ಕೆ ಹಿಡಿಯಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದೆ. ಆ ಮನುಷ್ಯರು ಯಾರೆಂದು ನೋಡಲು ಬೆಳಿಗ್ಗೆ ಐದಕ್ಕೆ ಏಳಬೇಕು. ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು, ಟಿಫನ್ ಬಾಕ್ಸು ನೇತುಹಾಕಿಕೊಂಡ ಗಾರೆ ಕೆಲಸದವರು, ಪೇಪರ್ ಹುಡುಗರು. ಸೈಕಲ್ ಪಥ ಬೇಕೇ ಎಂಬ ಸಭೆಗಳಿಗೆ ಅವರು ಬರುವುದಿಲ್ಲ. ಆ ಹೊತ್ತಿನಲ್ಲಿ ಅವರು ರಸ್ತೆಯ ಮೇಲಿರುತ್ತಾರೆ.

ಮೇಷ್ಟ್ರು ತೀರಿಕೊಂಡ ಮೇಲೆ ಮಾವ ಸೈಕಲ್ ಹತ್ತುವುದು ಬಿಟ್ಟ. ಬಿಡಲಿಲ್ಲ ಎಂದರೂ ಸರಿ: ದಿನಾ ಸಂಜೆ ಅದನ್ನು ತಳ್ಳಿಕೊಂಡು ದೇವಸ್ಥಾನದವರೆಗೆ ಹೋಗಿಬರುತ್ತಿದ್ದ. ಕೋಲು ಹಿಡಿಯಿರಿ ಎಂದರೆ ‘ನಾನೇನು ಮುದುಕನಾ?’ ಎಂದು ಸಿಡುಕುತ್ತಿದ್ದ. ತಾನು ಎಡಗಡೆ, ಸೈಕಲ್ ಬಲಗಡೆ. ಹಿಂದಿನಿಂದ ಬರುವ ಗಾಡಿಗಳು ತನಗೆ ತಾಗದಿರಲಿ ಎಂದು ಹಾಗೆ ಮಾಡುತ್ತಾನೆಂದು ನಾನು ತಿಳಿದಿದ್ದೆ. ಅತ್ತೆ ಹೇಳಿದರು: ‘ಮೇಷ್ಟ್ರು ಬರ್ತಿದ್ದದ್ದು ಆ ಕಡೇಲೇ ಅಲ್ವೇನಪ್ಪ.’

ಈಗ ಮಾವನೂ ಇಲ್ಲ. ಮಾವ ಅನ್ನಿಸಿಕೊಳ್ಳುವ ಸರದಿ ನನ್ನದು. ತಂಗಿಯ ಮಗ ರಸ್ತೆಗಳ ನಕ್ಷೆ ಮಾಡುವ ಎಂಜಿನಿಯರು. ಮೊನ್ನೆ ಮನೆಗೆ ಬಂದವನು ಲ್ಯಾಪ್‌ಟಾಪಿನಲ್ಲಿ ಯಾವುದೋ ರಸ್ತೆಯ ಅಡ್ಡಕೊಯ್ತ ತೆರೆದು, ಅಂಚಿನಲ್ಲಿದ್ದ ಹಸಿರು ಗೆರೆಯನ್ನು ತೋರಿಸಿದ. ಯಾವ ಚರ್ಚೆಯಲ್ಲೂ ಬಾಯಿ ಬಿಡದ ನಾನು ಅಂದು ಬಿಟ್ಟೆ. ಪಥ ಬೇಕು, ಖಂಡಿತ ಬೇಕು ಎಂದೆ. ಆದರೆ ಬಣ್ಣ ಬಳಿದು ಬಿಡಬೇಡ, ನಡುವೆ ಕಲ್ಲು ಕೂರಿಸು; ಬಣ್ಣ ಒಣಗುವ ಮೊದಲೇ ಅದರ ಮೇಲೆ ಕಾರು ಬಂದು ನಿಲ್ಲುತ್ತದೆ. ಅನುಮಾನವಿದ್ದರೆ ಹೊಸಹೊಳಲಿಗೆ ಹೋಗಿ ಆನೆ ಕುದುರೆಗಳ ಸಾಲು ನೋಡಿಕೊಂಡು ಬಾ ಎಂದೆ. ಅವನು ಬರೆದುಕೊಂಡ.

‘ಇನ್ನೊಂದು. ಇದು ತೀರಾ ಕಿರಿದಾಯ್ತು. ಎರಡು ಸೈಕಲ್ ಪಕ್ಕಪಕ್ಕ ಹೋಗೋವಷ್ಟು ಅಗಲ ಬೇಕು.’

‘ಓವರ್‌ಟೇಕ್ ಮಾಡೋಕಾ ಮಾವ?’

‘ಅಲ್ಲಪ್ಪ, ಜಗಳ ಆಡೋಕೆ.’