ಲೋಟದಲ್ಲಿ ಶ್ಯಾವಿಗೆ

ರಾತ್ರಿ 10 ಗಂಟೆಗೆ ಡೊಂಬಿವಲಿ ಸ್ಟೇಶನ್ನಿನಲ್ಲಿ ಇಳಿದು, ಗುಂಪಿನೊಂದಿಗೆ ಸೇತುವೆಯ ಮೆಟ್ಟಲು ಹತ್ತಿ ಇಳಿದು, ರಿಕ್ಷಾದ ಸಾಲಿನಲ್ಲಿ ನಿಂತು ಮನೆ ಸೇರುವವರು ನೀವಾಗಿದ್ದರೆ ಈ ನಾಲ್ಕು ಮಾತು ನಿಮಗಾಗಿಯೇ. ಮುಲುಂಡ್, ಭಾಂಡುಪ್, ಮೀರಾರೋಡ್, ನಾಲಾಸೋಪಾರದವರೂ ಓದಬಹುದು. ಹಸಿವಿಗೆ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎಂಬ ಭೇದವಿಲ್ಲ.

ನೀವು ಬರುವಾಗ ಮನೆಯಲ್ಲಿ ಹಿರಿಯರು ಮಲಗಿರುತ್ತಾರೆ. ಅನ್ನ ತಣ್ಣಗಾಗಿರುತ್ತದೆ. ಪಲ್ಯ ನಿಮಗೆ ಹಿಡಿಸದ ಸೋರೆಕಾಯಿಯದ್ದು. ಕಪಾಟಿನಲ್ಲಿ ನೂಡಲ್ಸಿನ ಪೊಟ್ಟಣವಿದೆ. ಮುಂದೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಮರುದಿನ ಬೆಳಿಗ್ಗೆ ತೊಳೆಯಲು ಇಟ್ಟ ಪಾತ್ರೆಯನ್ನು ನೋಡಿ ತಂದೆಯವರು "ಇದೂ ಒಂದು ಊಟವೇ?" ಎಂದು ಗೊಣಗುತ್ತಾರೆ. ಹಾಗೆ ಗೊಣಗುವ ತಂದೆಯರಲ್ಲಿ ನಾನೂ ಒಬ್ಬ. ವರ್ಷಗಟ್ಟಲೆ ಗೊಣಗಿದ್ದೇನೆ. ಯಾಕೆ ನಿಲ್ಲಿಸಿದೆ ಎಂಬುದನ್ನು ಹೇಳಲು ನಿಮ್ಮನ್ನು ಮೊದಲು ಫೋರ್ಟಿಗೆ ಕರೆದುಕೊಂಡು ಹೋಗಬೇಕು.

ನಾವು ವಿ.ಟಿ. ಎನ್ನುತ್ತಿದ್ದ, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಹೊರಗೆ ಬಂದು ದಾದಾಭಾಯಿ ನವರೋಜಿ ರಸ್ತೆಯಲ್ಲಿ ಹುತಾತ್ಮಾ ಚೌಕದ ಕಡೆಗೆ ನಡೆಯಿರಿ. ಕಂಬಗಳ ಸಾಲಿನ ಕೆಳಗೆ ನೆರಳು ಇರುತ್ತದೆ. ಎಡಗಡೆಯ ಗಲ್ಲಿಗಳಲ್ಲಿ ಒಂದು ಕಾಲಕ್ಕೆ ನಮ್ಮವರ ಹೊಟೇಲುಗಳು ಸಾಲಾಗಿ ಇದ್ದವು. ಕೆಲವು ಇಂದಿಗೂ ಇವೆ. ಅಂತಹ ಒಂದು ಹೊಟೇಲಿಗೆ ನಾನು 1974ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದೆ. ಆಗ ನನಗೆ 13 ವರ್ಷ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ; ನಮ್ಮ ಕಾಲದಲ್ಲಿ ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. ಆ ಹೊಟೇಲು ಈಗ ಇಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿಯ ಅಂಗಡಿಯಿದೆ.

ಬೆಳಿಗ್ಗೆ 5ಕ್ಕೆ ಎದ್ದು ಕಪ್ಪು ಬಸಿ ತೊಳೆಯುವುದು, ಮೇಜು ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ. ಪರಿಸರದ ಹೊಟೇಲುಗಳ ಮಾಣಿಗಳೇ ನಮ್ಮ ತರಗತಿಯಲ್ಲಿ ತುಂಬಿದ್ದರು. ಎಣ್ಣೆಯ ವಾಸನೆಯಿಂದಲೇ ಯಾರು ಯಾವ ಹೊಟೇಲಿನವರೆಂದು ಹೇಳಬಹುದಿತ್ತು. ಶಾಲೆ ಮುಗಿಸಿ ಬಂದು, ನೆಲ ತೊಳೆದು, ಆಮೇಲೆ ಊಟ. ಉಳಿದದ್ದು ನಮ್ಮ ಪಾಲಿಗೆ. ಗಿರಾಕಿ ಕಡಿಮೆಯಾದ ದಿನ ನಮಗೆ ಹಬ್ಬ, ವ್ಯಾಪಾರ ಜೋರಾದ ದಿನ ಪಾತ್ರೆಯ ತಳದ ಸಾರು ಮಾತ್ರ.

ಅಂತಹ ದಿನಗಳಲ್ಲಿ ನಮ್ಮ ಅಡುಗೆಯಣ್ಣ ಉಪ್ಪಿಟ್ಟಿಗೆಂದು ತಂದಿಟ್ಟ ಶ್ಯಾವಿಗೆಯ ಡಬ್ಬಿಯಿಂದ ಎರಡು ಮುಷ್ಟಿ ತೆಗೆದು, ಸೌಟಿನಷ್ಟು ಎಣ್ಣೆಯಲ್ಲಿ ಹುರಿದು, ಆ ಸಾರಿಗೆ ನೀರು ಬೆರೆಸಿ ಕುದಿಸುತ್ತಿದ್ದ. ಮೇಲೆ ಜಜ್ಜಿದ ಕಾಳುಮೆಣಸು. ತಟ್ಟೆಗಳನ್ನೆಲ್ಲ ತೊಳೆದು ಕವುಚಿ ಇಟ್ಟಿರುತ್ತಿದ್ದೆವು, ಮತ್ತೆ ತೊಳೆಯಲು ಯಾರಿಗೆ ತ್ರಾಣ? ಆದ್ದರಿಂದ ಚಾ ಲೋಟದಲ್ಲೇ ಸುರಿದುಕೊಂಡು, ಆರು ಮಂದಿ ಹುಡುಗರು ಹಿತ್ತಲ ಬಾಗಿಲಲ್ಲಿ ಕೂತು ಕುಡಿಯುತ್ತಿದ್ದೆವು. ಶ್ಯಾವಿಗೆಯನ್ನು ಬೆರಳಿನಿಂದ ಎಳೆದು ತಿನ್ನುವುದು. ಮಳೆಗಾಲದಲ್ಲಿ ಅದು ಹೊಟ್ಟೆಗಿಳಿದ ಸುಖ ನನಗೆ ಇಂದಿಗೂ ನೆನಪಿದೆ. ಒಂದು ದಿನ ಧಣಿಗಳು ಡಬ್ಬಿ ತೆರೆದು ನೋಡಿ ಲೆಕ್ಕ ಕೇಳಿದರು. ಆ ತಿಂಗಳ ಸಂಬಳದಲ್ಲಿ ಅಡುಗೆಯಣ್ಣನಿಗೆ ಕಡಿತವಾಯಿತು. ಆತ ನಮಗೆ ಏನೂ ಹೇಳಲಿಲ್ಲ. ಮುಂದಿನ ವಾರ ಎರಡು ಮುಷ್ಟಿ ಒಂದು ಮುಷ್ಟಿಯಾಯಿತು, ಅಷ್ಟೇ.

ಮಗಳಿಗೆ ನಾನು ರಾತ್ರಿಶಾಲೆಯ ಕಥೆ ಹೇಳಿದ್ದೇನೆ. ಎಸ್ಸೆಸ್ಸಿ ಪಾಸಾದದ್ದು, ಬ್ಯಾಂಕಿನ ಕೆಲಸ ಸಿಕ್ಕಿದ್ದು, ಡೊಂಬಿವಲಿಯಲ್ಲಿ ಒಂದು ಖೋಲಿ ಹಿಡಿದದ್ದು, ಎಲ್ಲವನ್ನೂ ಸಂಘದ ಸಭೆಗಳಲ್ಲಿಯೂ ಹೇಳಿದ್ದೇನೆ. ಈ ಲೋಟದ ಕಥೆ ಮಾತ್ರ ಎಲ್ಲಿಯೂ ಹೇಳಿರಲಿಲ್ಲ. ನಿಮ್ಮ ತಂದೆಯವರೂ ಏನೇನು ಹೇಳದೆ ಬಿಟ್ಟಿದ್ದಾರೋ.

ಈಗ ರೈಲಿಗೆ ಬನ್ನಿ. ಡೊಂಬಿವಲಿಗೆ ಫಾಸ್ಟ್ ಗಾಡಿ ಇದೆಯೆಂದು ಆಸೆಪಡಬೇಡಿ, ಸ್ಲೋ ಹಿಡಿಯಿರಿ, ಮಾಟುಂಗಾದಲ್ಲಿ ಇಳಿಯುವುದಿದೆ. ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ಪೂರ್ವಕ್ಕೆ ಇಳಿದ ಕೂಡಲೇ ಮಲ್ಲಿಗೆ, ಬಾಳೆ ಎಲೆ, ಕಾಫಿಪುಡಿ ಹುರಿಯುವ ವಾಸನೆ ಒಟ್ಟಿಗೆ ಬರುತ್ತವೆ. ಎದುರಿಗೇ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಊರು ಬಿಟ್ಟು ಒಂಟಿಯಾಗಿ ಬಂದವರಿಗೆ ಬಾಳೆ ಎಲೆಯ ಮೇಲೆ ಊಟ ಬಡಿಸಿದ ಜಾಗ. ಮುಂದೆ ಭಾವುದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇದೆ. ಹಳಿಯ ಪಶ್ಚಿಮಕ್ಕೆ, ಮಾಟುಂಗಾ ರೋಡ್ ಸ್ಟೇಶನ್ನಿನ ಸಮೀಪ, 1933ರ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ನಾಟಕ ಇದ್ದ ದಿನ ಒಳಗೆ ಹೋಗಿ, ಇಂದು ನಮ್ಮ ಕೆಲಸ ಮಾರುಕಟ್ಟೆಯಲ್ಲಿ. ಬ್ಯಾಡಗಿ ಮೆಣಸು, ಸಾರಿನ ಪುಡಿ, ಕರಿಬೇವು, ಒಂದು ಕಟ್ಟು ಈರುಳ್ಳಿ ಹೂವು (ಹಸಿರು ದಂಟಿನದ್ದು), ಇಷ್ಟು ಸಾಕು. ಮೊಟ್ಟೆ ನಿಮ್ಮ ಬಿಲ್ಡಿಂಗಿನ ಕೆಳಗೇ ಸಿಗುತ್ತದೆ. ವಾಪಸು ಹೋಗುವಾಗ ಫಾಸ್ಟ್ ಗಾಡಿ ಬೇಕೆಂದರೆ ಒಂದು ಸ್ಟೇಶನ್ ಹಿಂದೆ ದಾದರಿಗೆ ಹೋಗಬೇಕು. ಕುರ್ಲಾದಲ್ಲಿ ಹತ್ತುತ್ತೇನೆನ್ನುವವರ ಧೈರ್ಯಕ್ಕೆ ನನ್ನ ನಮಸ್ಕಾರ.

ಗಾಡಿಯಲ್ಲಿ ಸಮಯವಿದೆಯಲ್ಲ, ಈ ಪೊಟ್ಟಣದ ಕಥೆ ಕೇಳಿ. ರಾಮೆನ್ ಎಂದರೆ ಜಪಾನಿನದ್ದೆಂದು ನೀವು ನನಗೆ ಕಲಿಸಿದಿರಿ. ಅದನ್ನು ಅಲ್ಲಿಗೆ ತಂದವರು ಚೀನಾದಿಂದ ಯೊಕೊಹಾಮಾದಂತಹ ಬಂದರು ಪಟ್ಟಣಗಳಿಗೆ ಹೊಟ್ಟೆಪಾಡಿಗೆ ಹೋದವರು. 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರೈರೈಕೆನ್ ಎಂಬ ಅಂಗಡಿ ತೆರೆದಾಗ ಅಡುಗೆಗೆ ಕರೆಸಿದ್ದು ಯೊಕೊಹಾಮಾದ ಚೀನೀ ಬಾಣಸಿಗರನ್ನೇ. ನಮ್ಮವರು ಮುಂಬಯಿಗೆ ಬಂದು ಇಡ್ಲಿ ಮಾರಿದ ಹಾಗೆ. ಮಹಾಯುದ್ಧದ ನಂತರದ ಅಭಾವವನ್ನು ಕಂಡಿದ್ದ ಮೊಮೊಫುಕು ಆಂಡೊ ಎಂಬ ತೈವಾನ್ ಮೂಲದ ವ್ಯಾಪಾರಿ ಒಸಾಕಾ ಬಳಿ ತನ್ನ ಹಿತ್ತಲ ಗುಡಿಸಲಿನಲ್ಲಿ ಪ್ರಯೋಗ ಮಾಡಿ, 1958ರಲ್ಲಿ ಬಿಸಿನೀರು ಹಾಕಿದರೆ ಬೇಯುವ ನೂಡಲ್ಸನ್ನು ಮಾರುಕಟ್ಟೆಗೆ ತಂದ. ಗುಟ್ಟು ಇಷ್ಟೇ: ಹಿಟ್ಟಿನ ಎಳೆಯನ್ನು ಹಬೆಯಲ್ಲಿ ಬೇಯಿಸಿ ಆಮೇಲೆ ಎಣ್ಣೆಯಲ್ಲಿ ಕರಿಯುವುದು. ಒಳಗಿನ ನೀರು ಆವಿಯಾಗಿ ಹೋಗುವಾಗ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ನೀವು ಕುದಿನೀರು ಹಾಕಿದಾಗ ನೀರು ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ 500, 501 ಎಂಬ ಅಂಕೆಗಳನ್ನು ಕಂಡು ನಾನು ಮೊದಲು ಗಾಬರಿಯಾಗಿದ್ದೆ. ಅವು ಸೋಡಿಯಂ, ಪೊಟ್ಯಾಶಿಯಂ ಕಾರ್ಬೊನೇಟುಗಳು. ಎಳೆಗೆ ಹಳದಿ ಬಣ್ಣ, ಜಗಿಯುವ ಗುಣ ಕೊಡುತ್ತವೆ. ನನ್ನ ತಾಯಿ ಉದ್ದಿನ ಹಪ್ಪಳಕ್ಕೆ ಹಾಕುತ್ತಿದ್ದ ಹಪ್ಪಳಖಾರದ ದಾಯಾದಿಗಳು.

ನಮ್ಮ ದೇಶಕ್ಕೆ ಮ್ಯಾಗಿ ಬಂದದ್ದು 1983ರಲ್ಲಿ. 2015ರ ಜೂನ್‌ನಲ್ಲಿ ಅದರಲ್ಲಿ ಸೀಸದ ಅಂಶ ಹೆಚ್ಚಿದೆಯೆಂಬ ಆಕ್ಷೇಪದ ಮೇಲೆ ದೇಶದಾದ್ಯಂತ ನಿಷೇಧ ಬಂದಾಗ ನನಗಾದ ಸಂತೋಷವನ್ನು ಏನೆನ್ನಲಿ! ಪತ್ರಿಕೆಯ ತುಂಡನ್ನು ಮಗಳ ಮೇಜಿನ ಮೇಲೆ ಇಟ್ಟೆ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟು ನಿಷೇಧವನ್ನು ರದ್ದುಗೊಳಿಸಿ ಮೂರು ಪ್ರಯೋಗಾಲಯಗಳಲ್ಲಿ ಮರುಪರೀಕ್ಷೆಗೆ ಆಜ್ಞೆ ಮಾಡಿತು. ನವೆಂಬರಿನಲ್ಲಿ ಪೊಟ್ಟಣ ಮತ್ತೆ ಅಂಗಡಿಗೆ ಬಂತು. ಅದೇ ಫೋರ್ಟಿನ ಹೈಕೋರ್ಟು, ನಾನು ಹುಡುಗನಾಗಿ ವಕೀಲರ ಕಚೇರಿಗಳಿಗೆ ಚಾ ಒಯ್ಯುತ್ತಿದ್ದ ಬೀದಿ. ಮರಳಿ ತಯಾರಿಕೆ ಆರಂಭಿಸಿದ ಮೂರು ಕಾರ್ಖಾನೆಗಳಲ್ಲಿ ಒಂದು ನಮ್ಮ ನಂಜನಗೂಡಿನದ್ದು! ಮಗಳು ಆ ಸುದ್ದಿಯನ್ನು ಕತ್ತರಿಸಿ ನನ್ನ ಮೇಜಿನ ಮೇಲೆ ಇಟ್ಟಳು.

ಮಳೆಗಾಲದ ಒಂದು ರಾತ್ರಿ ನನಗೆ ಜ್ವರ. ಮನೆಯವಳು ಊರಿಗೆ ಹೋಗಿದ್ದಳು. ಗಾಡಿಗಳು ತಡವಾಗಿ ಮಗಳು 11ರ ಸುಮಾರಿಗೆ ನೆನೆದುಕೊಂಡು ಬಂದಳು. ನಾನು ಏನೂ ತಿಂದಿರಲಿಲ್ಲವೆಂದು ತಿಳಿದು ಬೈದಳು. ಫ್ರಿಜ್ಜಿನಲ್ಲಿ ಬೆಳಗಿನ ಸಾರು ಇತ್ತು. ತನ್ನ ರಾಮೆನ್ ಪೊಟ್ಟಣವನ್ನು ಒಡೆದು, ಅದರ ಮಸಾಲೆಯನ್ನು ಬದಿಗಿಟ್ಟು, "ನಿಮಗೆ ಅದು ಆಗುವುದಿಲ್ಲವಲ್ಲ" ಎಂದು ಸಾರಿಗೇ ಹಾಕಿದಳು. ಅಡುಗೆಮನೆಯಿಂದ ವಾಸನೆ ಬಂತು. ನಾನು ಹಾಸಿಗೆಯಲ್ಲಿ ಎದ್ದು ಕೂತೆ.

ಅವಳು ಬಟ್ಟಲು ತೆಗೆಯುವಾಗ "ಬಟ್ಟಲು ಬೇಡ, ಲೋಟದಲ್ಲಿ ಕೊಡು" ಎಂದೆ.

"ಯಾಕೆ?" ಎಂದಳು.

ಹೇಳಬೇಕಾಯಿತು. ಅರ್ಧ ಗಂಟೆ ಹಿಡಿಯಿತು. ಅವಳೂ ಒಂದು ಲೋಟ ತಂದು ಹಾಸಿಗೆಯ ತುದಿಯಲ್ಲಿ ಕೂತಳು. ಎಲ್ಲ ಕೇಳಿದ ಮೇಲೆ "ಆ ಅಡುಗೆಯವರ ಹೆಸರೇನು?" ಎಂದಳು. ಅಣ್ಣ ಎಂದು ಕರೆದದ್ದು ನೆನಪಿದೆ, ಬ್ರಹ್ಮಾವರದ ಕಡೆಯವನೆಂದೂ ನೆನಪಿದೆ. ಹೆಸರು ನಾನು ಕೇಳಿಯೇ ಇರಲಿಲ್ಲ.

ಈಗ ನಿಮ್ಮ ಅಡುಗೆಮನೆ. ಒಬ್ಬರಿಗೆ ಒಂದು ಲೋಟ ಸಾರು, ಅರ್ಧ ಲೋಟ ನೀರು. ಶುಂಠಿಯ ಒಂದು ಚೂರು ಜಜ್ಜಿ ಹಾಕಿ ಕುದಿಯಲು ಇಡಿ. ಸಾರು ಇಲ್ಲದಿದ್ದರೆ ಒಂದು ಟೊಮೆಟೊ ಹಿಚುಕಿ, ಒಂದು ಚಮಚ ಸಾರಿನ ಪುಡಿ, ಉಪ್ಪು, ಬೆಲ್ಲದ ಒಂದು ಹರಳು ಹಾಕಿ ಒಂದೂವರೆ ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ. ಬೇರೆ ಪಾತ್ರೆಯಲ್ಲಿ ನೀರು ಕುದಿಸಿ ಮೊದಲು ಮೊಟ್ಟೆಯನ್ನು ಮೆಲ್ಲನೆ ಬಿಡಿ, 7 ನಿಮಿಷ. ತೆಗೆದು ತಣ್ಣೀರಿನಲ್ಲಿ ಮುಳುಗಿಸಿ. ಒಳಗಿನ ಹಳದಿ ಅರೆಗಟ್ಟಿಯಾಗಿ ನಿಲ್ಲುತ್ತದೆ. ಮೊಟ್ಟೆ ತಿನ್ನದವರು ಬಿಟ್ಟುಬಿಡಿ, ನಮ್ಮ ಲೋಟದಲ್ಲಿಯೂ ಇರಲಿಲ್ಲ. ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ನೂಡಲ್ಸನ್ನು ಎರಡೇ ನಿಮಿಷ ಬೇಯಿಸಿ ಬಸಿಯಿರಿ. ಜಪಾನಿನ ಅಂಗಡಿಗಳಲ್ಲೂ ಎಳೆಯನ್ನು ಬೇರೆಯೇ ಬೇಯಿಸುತ್ತಾರೆ. ಬಸಿದ ನೀರಿನಲ್ಲಿ ಎಣ್ಣೆಯ ಜಿಡ್ಡು ಸ್ವಲ್ಪ ಹೋಗುತ್ತದೆ, ಸಾರು ಅಂಟಾಗುವುದಿಲ್ಲ. ಪೊಟ್ಟಣದ ಮಸಾಲೆ ಬೇಕೇ ಬೇಕೆಂದರೆ ಕಾಲುಭಾಗ, ಅದರಲ್ಲಿ ಉಪ್ಪು ಧಾರಾಳವಾಗಿದೆ. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಂದು ಬ್ಯಾಡಗಿ, ಕರಿಬೇವಿನ ಒಗ್ಗರಣೆ. ಸಾರು ಸುರಿದು, ಮೇಲೆ ಈರುಳ್ಳಿ ಹೂವನ್ನು ಸಣ್ಣಗೆ ಹೆಚ್ಚಿ ಉದುರಿಸಿ.

15 ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಸ್ಟೀಲಿನ ಲೋಟವಾದರೆ ಅಂಚು ಬಹಳ ಸುಡುತ್ತದೆ, ಬಟ್ಟೆ ಸುತ್ತಿ ಹಿಡಿಯಿರಿ. ಒಗ್ಗರಣೆಯ ಸದ್ದಿಗೆ ತಂದೆಯವರು ಎಚ್ಚರವಾಗುವ ಸಾಧ್ಯತೆ ಇದೆ. ಆದ್ದರಿಂದ ಎರಡು ಪೊಟ್ಟಣ ತಂದಿಡುವುದು ಒಳ್ಳೆಯದು.